ಗೊಬ್ಬರ ಊಟ ಅಷ್ಟೇ ಅಲ್ಲ, ಸುದ್ದಿ ಕೂಡ: ಗಿಡದ ಕೋಶ ಅದನ್ನು ಓದುತ್ತೆ

ವಾರಕ್ಕೆ ಕಮ್ಮಿ ಅಂದರೂ ಹತ್ತು ಫೋಟೊ ನನ್ನ ಮೊಬೈಲ್‌ಗೆ ಬರುತ್ತವೆ. ಕೆಂಗೇರಿಯಿಂದ ಬಿಡದಿವರೆಗಿನ ಹುಡುಗರು ಕಳಿಸೋದು. ಒಂದು ಹಳದಿ ಎಲೆ, ಅದರ ಕೆಳಗೆ ಒಂದೇ ಪ್ರಶ್ನೆ: "ಸಾರ್, ಎಕರೆಗೆ ಎಷ್ಟು ಯೂರಿಯಾ ಹಾಕಲಿ?" ಹಳದಿ ಆಗಿರೋದು ಮೇಲಿನ ಎಲೆಯೋ ಕೆಳಗಿನದೋ, ಹೇಳಲ್ಲ. ಹೊಲಕ್ಕೆ ಯಾವ ನೀರು ಹಾಯಿಸ್ತಿದ್ದೀರಿ, ಅದೂ ಹೇಳಲ್ಲ.

ಯೂರಿಯಾ ಎಷ್ಟು ಅನ್ನೋದು ಕೊನೆಯ ಪ್ರಶ್ನೆ ಆಗಬೇಕು, ಮೊದಲನೆಯದಲ್ಲ. ನಾವು ಗೊಬ್ಬರವನ್ನು ಊಟ ಅಂದುಕೊಂಡಿದ್ದೀವಿ. ಜಾಸ್ತಿ ಬಡಿಸಿದರೆ ಜಾಸ್ತಿ ಬೆಳೆಯುತ್ತೆ ಅನ್ನೋ ಲೆಕ್ಕ. ಗಿಡದ ಕೋಶಕ್ಕೆ ಮಾತ್ರ ಗೊಬ್ಬರ ಊಟವೂ ಹೌದು, ಸುದ್ದಿಯೂ ಹೌದು. ಎಷ್ಟು ಬಂತು, ಯಾವಾಗ ಬಂತು, ಜೊತೆಗೆ ಬಿಸಿಲು ಇದೆಯಾ, ಸಕ್ಕರೆ ಇದೆಯಾ ಅಂತ ಅದು ಅಳೆದು ನೋಡುತ್ತೆ. ಆಮೇಲೆ ಎಲೆ ಬಿಡಬೇಕೋ, ಬೇರು ಬಿಡಬೇಕೋ, ಸುಮ್ಮನಿರಬೇಕೋ ತೀರ್ಮಾನ ಮಾಡುತ್ತೆ. ವೃಷಭಾವತಿ ನೀರು ಹಾಯಿಸೋ ನಮ್ಮ ಭಾಗದಲ್ಲಿ ಈ ಸುದ್ದಿ ಚೀಲದಿಂದ ಮಾತ್ರ ಬರಲ್ಲ, ಕಾಲುವೆಯಿಂದಲೂ ಬರುತ್ತೆ. ಅದನ್ನು ಲೆಕ್ಕಕ್ಕೇ ಹಿಡಿಯದೆ ಯೂರಿಯಾ ಎರಚ್ತಾ ಇರೋದು ದುಡ್ಡಿನ ನಷ್ಟ, ಹುಳುವಿಗೆ ಕಷ್ಟ, ಹಸುವಿಗೆ ಅಪಾಯ. ಇವತ್ತು ನಾನು ಹೇಳೋದು ಇಷ್ಟೇ. ಯಾಕೆ ಅಂತ ಒಂದೊಂದಾಗಿ ನೋಡೋಣ.

ಕೋಶದೊಳಗೆ ಇಬ್ಬರು ಯಜಮಾನರು

"ಹಾಸಿಗೆ ಇದ್ದಷ್ಟು ಕಾಲು ಚಾಚು" ಅನ್ನೋ ಗಾದೆಯನ್ನು ನಾವು ಮರೆತರೂ ಕೋಶ ಮರೆತಿಲ್ಲ. ಯೀಸ್ಟ್ ಇರಲಿ, ಹಿಪ್ಪುನೇರಳೆ ಇರಲಿ, ನೀವು ನಾವೇ ಇರಲಿ, ಪ್ರತಿ ಕೋಶದಲ್ಲೂ ಹಾಸಿಗೆ ಅಳೆಯೋ ಪ್ರೋಟೀನ್‌ಗಳಿವೆ. ಅದರಲ್ಲಿ ಮುಖ್ಯವಾದದ್ದು ಎರಡು.

ಮೊದಲನೆಯದರ ಹೆಸರು ಟಾರ್. ಇದು ಸಿಕ್ಕಿದ್ದು ಮಣ್ಣಿನ ದೆಸೆಯಿಂದ. 1964ರಲ್ಲಿ ಕೆನಡಾದ ತಂಡವೊಂದು ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪದಿಂದ ಮಣ್ಣಿನ ಮಾದರಿ ತಂತು. ಆ ಮಣ್ಣಿನ ಒಂದು ಬ್ಯಾಕ್ಟೀರಿಯಾದಿಂದ ಪಂಜಾಬ್ ಮೂಲದ ವಿಜ್ಞಾನಿ ಸುರೇಂದ್ರನಾಥ್ ಸೆಹಗಲ್ ಮತ್ತು ಅವರ ಜೊತೆಗಾರರು ಬೇರ್ಪಡಿಸಿದ ವಸ್ತುವೇ ರಾಪಾಮೈಸಿನ್. ಆ ದ್ವೀಪದ ಸ್ಥಳೀಯ ಹೆಸರು ರಾಪಾ ನೂಯಿ, ಅದರಿಂದಲೇ ಈ ಹೆಸರು. ಈ ವಸ್ತು ಕೋಶಗಳ ಬೆಳವಣಿಗೆಯನ್ನೇ ನಿಲ್ಲಿಸ್ತಿತ್ತು. ಹೇಗೆ ಅಂತ ಹುಡುಕಿದಾಗ, 1991ರಲ್ಲಿ ಸ್ವಿಟ್ಜರ್ಲೆಂಡ್‌ನ ಬಾಸೆಲ್‌ನಲ್ಲಿ ಮೈಕೆಲ್ ಹಾಲ್, ಜೋಸೆಫ್ ಹೀಟ್‌ಮನ್, ರಾವ್ ಮೊವ್ವ ಇವರಿಗೆ ಯೀಸ್ಟ್‌ನಲ್ಲಿ ಟಾರ್ ಜೀನ್‌ಗಳು ಸಿಕ್ಕವು. 2002ರಲ್ಲಿ ಗಿಡಗಳಲ್ಲೂ ಇದು ಇದೆ, ಇದಿಲ್ಲದೆ ಭ್ರೂಣವೇ ಬೆಳೆಯಲ್ಲ ಅಂತ ಗೊತ್ತಾಯ್ತು.

ಟಾರ್ ಕೆಲಸ ಸರಳ. ಸಕ್ಕರೆ, ಸಾರಜನಕ, ಅಮೈನೋ ಆಮ್ಲ ಸಾಕಷ್ಟಿದೆ ಅಂದ್ರೆ "ಕಟ್ಟಿ, ಬೆಳೀರಿ" ಅಂತ ಅಪ್ಪಣೆ ಕೊಡುತ್ತೆ. ಹೊಸ ಪ್ರೋಟೀನ್, ಹೊಸ ಕೋಶ, ಹೊಸ ಚಿಗುರು ಎಲ್ಲ ಶುರು.

ಎರಡನೆಯದು ಸ್ನಾರ್ಕ್. ಇದು ಜಿಪುಣ ಯಜಮಾನ. ಮೋಡ ಕವಿದು ಸಕ್ಕರೆ ಕಮ್ಮಿಯಾದರೆ, ರಾತ್ರಿ ಉದ್ದವಾದರೆ, ಬೇರು ನೀರಲ್ಲಿ ಮುಳುಗಿದರೆ ಇದು ಏಳುತ್ತೆ. "ಖರ್ಚು ನಿಲ್ಲಿಸಿ, ಇರೋದನ್ನೇ ಒಡೆದು ಬಳಸಿ" ಅನ್ನುತ್ತೆ. ಕೋಶ ತನ್ನ ಹಳೇ ಸಾಮಾನನ್ನು ತಾನೇ ಜೀರ್ಣ ಮಾಡಿಕೊಳ್ಳೋಕೆ ಶುರು ಮಾಡುತ್ತೆ. ಈ ಸ್ವಭಕ್ಷಣೆ ಹೇಗೆ ನಡೆಯುತ್ತೆ ಅಂತ ಯೀಸ್ಟ್‌ನಲ್ಲಿ ತೋರಿಸಿದ ಜಪಾನಿನ ಯೋಶಿನೋರಿ ಓಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂತು.

ನಿಮ್ಮ ಫೋಟೊದ ಹಳದಿ ಎಲೆಗೂ ಇದಕ್ಕೂ ಸಂಬಂಧ ಇದೆ. ಸಾರಜನಕ ಕಮ್ಮಿಯಾದಾಗ ಗಿಡ ಕೆಳಗಿನ ಹಳೇ ಎಲೆಯ ಪ್ರೋಟೀನನ್ನು ಒಡೆದು ಮೇಲಿನ ಚಿಗುರಿಗೆ ಸಾಗಿಸುತ್ತೆ. ಹಾಗಾಗಿ ಮೊದಲು ಹಳದಿ ಆಗೋದು ಕೆಳಗಿನ ಎಲೆ. ಕಬ್ಬಿಣ, ಗಂಧಕ ಕಮ್ಮಿಯಾದರೆ ಗಿಡಕ್ಕೆ ಅವನ್ನು ಹಾಗೆ ಸುಲಭವಾಗಿ ಸಾಗಿಸೋಕೆ ಆಗಲ್ಲ, ಆಗ ಹಳದಿ ಆಗೋದು ಮೇಲಿನ ಎಳೆ ಎಲೆ. ಮೇಲಿನ ಎಲೆ ಹಳದಿ ಆಗಿದ್ದಕ್ಕೆ ಯೂರಿಯಾ ಹಾಕೋದು ಜ್ವರಕ್ಕೆ ಹಲ್ಲುನೋವಿನ ಮಾತ್ರೆ ನುಂಗಿದ ಹಾಗೆ.

ಬೇರಿಗೂ ನಾಲಿಗೆ ಇದೆ

ಬೇರಿನ ಕೋಶದ ಗೋಡೆಯ ಒಳಪೊರೆಯಲ್ಲಿ ನೈಟ್ರೇಟನ್ನು ಒಳಗೆ ಬಿಡೋ ಬಾಗಿಲುಗಳಿವೆ. ಅದರಲ್ಲಿ ಎನ್‌ಆರ್‌ಟಿ1.1 ಅನ್ನೋ ಬಾಗಿಲು ಬರೀ ಬಾಗಿಲಲ್ಲ, ಕಾವಲುಗಾರನೂ ಹೌದು ಅಂತ 2009ರಲ್ಲಿ ಸಂಶೋಧಕರು ತೋರಿಸಿದರು. ಮಣ್ಣಲ್ಲಿ ನೈಟ್ರೇಟ್ ಕಮ್ಮಿ ಇದ್ದರೆ ಅದು ಒಂದು ರೂಪಕ್ಕೆ ತಿರುಗಿ, ಸಿಕ್ಕ ಚೂರನ್ನೂ ಬಿಗಿಯಾಗಿ ಹಿಡಿಯುತ್ತೆ. ಜಾಸ್ತಿ ಇದ್ದರೆ ಇನ್ನೊಂದು ರೂಪಕ್ಕೆ ತಿರುಗುತ್ತೆ. ಎಷ್ಟು ಬಂತು ಅನ್ನೋ ಸುದ್ದಿಯನ್ನು ಒಳಗೆ ಕಳಿಸ್ತಾನೂ ಇರುತ್ತೆ. 2022ರಲ್ಲಿ ಇನ್ನೊಂದು ವಿಷಯ ಹೊರಬಂತು: ಕೋಶದ ಒಳಗೆ ಎನ್‌ಎಲ್‌ಪಿ7 ಅನ್ನೋ ಪ್ರೋಟೀನ್ ನೈಟ್ರೇಟನ್ನು ನೇರವಾಗಿ ಹಿಡಿದು, ಬೆಳವಣಿಗೆಯ ಜೀನ್‌ಗಳನ್ನು ಎಬ್ಬಿಸುತ್ತೆ.

ರಂಜಕಕ್ಕೂ ಇಂಥದ್ದೇ ಏರ್ಪಾಡು. ಎಸ್‌ಪಿಎಕ್ಸ್ ಅನ್ನೋ ಪ್ರೋಟೀನ್‌ಗಳು ಕೋಶದಲ್ಲಿ ರಂಜಕ ಎಷ್ಟಿದೆ ಅಂತ ನೋಡ್ತಾ ಇರುತ್ತವೆ. ಸಾಕಷ್ಟಿದ್ದರೆ ಹುಡುಕೋ ಕೆಲಸ ಬಂದ್. ಬೇರಿಗೆ ರಂಜಕ ತಂದುಕೊಡೋ ಮೈಕೊರೈಜಾ ಶಿಲೀಂಧ್ರದ ಜೊತೆಗಿನ ಸ್ನೇಹಾನೂ ಗಿಡ ಕಮ್ಮಿ ಮಾಡಿಕೊಳ್ಳುತ್ತೆ. ಅದಕ್ಕೇ ಡಿಎಪಿ ದಂಡಿಯಾಗಿ ಹಾಕಿ, ಮೇಲೆ ಮೈಕೊರೈಜಾ ಪ್ಯಾಕೆಟ್ ಹಾಕಿದರೆ ಪ್ಯಾಕೆಟ್ ದುಡ್ಡು ದಂಡ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಬರೀ ಸಾರಜನಕ ಬಂದರೆ ಸಾಲದು. ನೈಟ್ರೇಟನ್ನು ಪ್ರೋಟೀನ್ ಮಾಡೋಕೆ ಬಿಸಿಲು ಬೇಕು, ಬಿಸಿಲಿಂದ ಬಂದ ಸಕ್ಕರೆ ಬೇಕು. ನೈಟ್ರೇಟನ್ನು ಮೊದಲು ಬದಲಾಯಿಸೋ ಕಿಣ್ವ ಬೆಳಕಿದ್ದಾಗ ಚುರುಕಾಗುತ್ತೆ, ಕತ್ತಲಲ್ಲಿ ಮಂಕಾಗುತ್ತೆ. ಮೋಡ ಮುಚ್ಚಿದ ವಾರದಲ್ಲಿ ಯೂರಿಯಾ ಎರಚಿದರೆ ಬೇರು ಹೀರಿಕೊಳ್ಳುತ್ತೆ, ಎಲೆಗೆ ಬಳಸೋಕೆ ಆಗಲ್ಲ. ಬಳಸದ ನೈಟ್ರೇಟ್ ಕಾಂಡದ ಕೋಶಗಳ ಒಳಗಿನ ಸಂಚಿಯಲ್ಲಿ ಹಾಗೇ ತುಂಬಿಕೊಳ್ಳುತ್ತೆ. ಎಲೆಗೆ ಬಣ್ಣ ಬಂದು ಹೊಲ ಕಡು ಹಸಿರಾಗಿ ಕಾಣುತ್ತೆ, ಕಾಂಡ ಮಾತ್ರ ನೀರುನೀರಾಗಿ ಮೆತ್ತಗಿರುತ್ತೆ. ಭತ್ತ ಆದರೆ ಮಲಗುತ್ತೆ, ಬೆಂಕಿ ರೋಗ ಬರುತ್ತೆ, ಜಿಗಿಹುಳು ಕೂರುತ್ತೆ.

ನಮ್ಮ ನೀರೇ ಒಂದು ಚೀಲ

ಈಗ ಕೆಂಗೇರಿಗೆ ಬರೋಣ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಮನೆಗಳಿಂದ ಹೋಗೋ ನೀರು ಸೇರೋದು ವೃಷಭಾವತಿ ಕಣಿವೆಗೆ. ಮೈಸೂರು ರಸ್ತೆ ಪಕ್ಕದಲ್ಲೇ ಹರಿದು, ಗಾಳಿ ಆಂಜನೇಯ ದೇವಸ್ಥಾನ ದಾಟಿ, ಕೆಂಗೇರಿ ದಾಟಿ, ಬಿಡದಿ ಹತ್ತಿರ ಬೈರಮಂಗಲ ಕೆರೆಗೆ ಹೋಗುತ್ತೆ. 1940ರ ದಶಕದಲ್ಲಿ ಕಟ್ಟಿದ ಆ ಜಲಾಶಯ ಆಗ ಹೊಳೆ ನೀರಿಗೆ ಕಟ್ಟಿದ್ದು, ಈಗ ಊರಿನ ಚರಂಡಿ ನೀರು ತುಂಬುತ್ತಿದೆ. ಅದರ ಕೆಳಗಿನ ರೈತರು ಬೇಬಿ ಕಾರ್ನ್, ನೇಪಿಯರ್ ಹುಲ್ಲು, ಹಿಪ್ಪುನೇರಳೆ, ತೆಂಗು ಬೆಳೀತಾರೆ.

ಆ ನೀರಲ್ಲಿ ಸಾರಜನಕ ಎಷ್ಟಿರುತ್ತೆ? ಜಾಗಕ್ಕೆ ತಕ್ಕಂತೆ, ತಿಂಗಳಿಗೆ ತಕ್ಕಂತೆ ಬದಲಾಗುತ್ತೆ, ಪರೀಕ್ಷೆ ಮಾಡಿಸಿಯೇ ತಿಳಿಯಬೇಕು. ಮನೆ ಚರಂಡಿ ನೀರಲ್ಲಿ ಲೀಟರಿಗೆ 20ರಿಂದ 40 ಮಿಲಿಗ್ರಾಂ ಇರೋದು ಸಾಮಾನ್ಯ. ಲೆಕ್ಕಕ್ಕೆ 20 ಅಂತಲೇ ಹಿಡಿಯೋಣ.

ಒಂದು ಎಕರೆಗೆ ಒಂದು ಇಂಚು ನೀರು ನಿಲ್ಲಿಸಿದರೆ ಸುಮಾರು 1 ಲಕ್ಷ ಲೀಟರ್. ಲೀಟರಿಗೆ 20 ಮಿಲಿಗ್ರಾಂ ಅಂದ್ರೆ 2 ಕೆ.ಜಿ. ಸಾರಜನಕ. ಒಂದು ಸಲ ಎರಡು ಇಂಚು ಹಾಯಿಸಿದರೆ 4 ಕೆ.ಜಿ. ಹತ್ತು ದಿನಕ್ಕೊಂದು ಸಲ, 70 ದಿನದಲ್ಲಿ ಏಳು ಸಲ ಹಾಯಿಸಿದರೆ 28 ಕೆ.ಜಿ.

ಇನ್ನೊಂದು ಕಡೆಯ ಲೆಕ್ಕ ನೋಡಿ. ನೀರಾವರಿಯ ವಿ-1 ಹಿಪ್ಪುನೇರಳೆಗೆ ಶಿಫಾರಸು ಹೆಕ್ಟೇರಿಗೆ ವರ್ಷಕ್ಕೆ 350 ಕೆ.ಜಿ. ಸಾರಜನಕ. ಎಕರೆಗೆ ಸುಮಾರು 140. ವರ್ಷಕ್ಕೆ ಐದು ಬೆಳೆ ಅಂದ್ರೆ ಬೆಳೆಗೆ 28 ಕೆ.ಜಿ. ಚೀಲ ಬಿಚ್ಚೋ ಮೊದಲೇ ಕಾಲುವೆ ಅಷ್ಟನ್ನೂ ತಂದು ಹಾಕಿರಬಹುದು! ಅದರ ಮೇಲೆ ನೀವು ಪೂರ್ತಿ ಶಿಫಾರಸು ಹಾಕಿದರೆ ಎರಡರಷ್ಟಾಯ್ತು. 45 ಕೆ.ಜಿ. ಯೂರಿಯಾ ಚೀಲದಲ್ಲಿ ಸಾರಜನಕ ಇರೋದು ಹೆಚ್ಚುಕಮ್ಮಿ 21 ಕೆ.ಜಿ. ಅಂದ್ರೆ ಬೆಳೆಗೆ ಒಂದೂಕಾಲು ಚೀಲಕ್ಕಿಂತ ಜಾಸ್ತಿ ನೀರಲ್ಲೇ ಬಂದಿದೆ.

ನೀರಲ್ಲಿ ಬಂದದ್ದೆಲ್ಲ ಬೇರಿಗೆ ಸಿಗಲ್ಲ, ನಿಜ. ಒಂದಷ್ಟು ಅಮೋನಿಯಾ ಆಗಿ ಗಾಳಿಗೆ ಹೋಗುತ್ತೆ, ಒಂದಷ್ಟು ಬೇರಿಗಿಂತ ಕೆಳಗೆ ಇಳಿದು ಹೋಗುತ್ತೆ. ಆ ನಷ್ಟ ಯೂರಿಯಾಕ್ಕೂ ಇದೆ. ಅನುಮಾನ ಇದ್ದರೆ ಅರ್ಧ ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಸೊನ್ನೆ ಅಂತ ಮಾತ್ರ ಹಿಡಿಯಬೇಡಿ. ಈಗ ನಾವು ಹಿಡೀತಿರೋದು ಸೊನ್ನೆ.

ಇದು ಕೆಂಗೇರಿ-ಬಿಡದಿ ಹುಡುಗರಿಗೆ ಮಾತ್ರ ಅಂದುಕೊಳ್ಳಬೇಡಿ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹೋಗ್ತಿದೆ. ಎರಡು ಹಂತದ ಸಾಮಾನ್ಯ ಸಂಸ್ಕರಣೆಯಲ್ಲಿ ಕೊಳೆ, ವಾಸನೆ ಕಮ್ಮಿಯಾಗುತ್ತೆ, ಸಾರಜನಕ ಪೂರ್ತಿ ಹೋಗಲ್ಲ. ಊರಿನ ನೀರು ಎಲ್ಲೆಲ್ಲಿ ಹೊಲಕ್ಕೆ ಹೋಗುತ್ತೋ ಅಲ್ಲೆಲ್ಲ ಈ ಲೆಕ್ಕ ಬೇಕು.

ಹುಳುವೂ ಅಳೆಯುತ್ತೆ, ಹಸುವಿಗೆ ಅಳೆಯೋಕೆ ಬರಲ್ಲ

ರಾಮನಗರದ ಮಾರುಕಟ್ಟೆಗೆ ಗೂಡು ಹಾಕೋರು ಇದನ್ನು ಸರಿಯಾಗಿ ಓದಿ. ರೇಷ್ಮೆ ಹುಳುವಿನ ಮೆದುಳಲ್ಲಿ ನಮ್ಮ ಇನ್ಸುಲಿನ್‌ಗೆ ಅಣ್ಣತಮ್ಮ ಅನ್ನಬಹುದಾದ ಹಾರ್ಮೋನ್ ಇದೆ, ಹೆಸರು ಬಾಂಬಿಕ್ಸಿನ್. ಲಕ್ಷಗಟ್ಟಲೆ ರೇಷ್ಮೆ ಪತಂಗಗಳ ತಲೆಗಳಿಂದ ಜಪಾನಿನ ವಿಜ್ಞಾನಿಗಳು ಅದನ್ನು ಶುದ್ಧ ಮಾಡಿ, ಇನ್ಸುಲಿನ್‌ನಂತೆಯೇ ಇದೆ ಅಂತ 1984ರಲ್ಲಿ ತೋರಿಸಿದರು. ಹುಳು ಸೊಪ್ಪು ತಿಂದು ರಕ್ತದಲ್ಲಿ ಸಕ್ಕರೆ ಏರಿದಾಗ ಇದು ಬಿಡುಗಡೆ ಆಗುತ್ತೆ, ಸಂಗ್ರಹ ಖರ್ಚು ಮಾಡಿ ಮೈ ಕಟ್ಟೋಕೆ ಹೇಳುತ್ತೆ. ಅಂದ್ರೆ ಹುಳುವೂ ಸೊಪ್ಪನ್ನು ಬಾಯಲ್ಲಿ ಮಾತ್ರ ನೋಡಲ್ಲ, ಕೋಶದಲ್ಲಿ ಅಳೆದು ನೋಡುತ್ತೆ.

ಸಾರಜನಕ ಅತಿಯಾದ ಸೊಪ್ಪು ನೋಡೋಕೆ ಅಗಲ, ಹಸಿರು, ಚೆಂದ. ಒಳಗೆ ನೀರು ಜಾಸ್ತಿ, ಸಕ್ಕರೆ ಪಿಷ್ಟ ಕಮ್ಮಿ. ನಾಲ್ಕನೇ ಜ್ವರ ಎದ್ದ ಮೇಲೆ ಹುಳುವಿಗೆ ಬೇಕಾಗೋದು ಬಲಿತ, ಸತ್ವ ಇರೋ ಸೊಪ್ಪು. ನೀರು ಸೊಪ್ಪು ಕೊಟ್ಟರೆ ತಟ್ಟೆ ಒದ್ದೆ, ಹಿಕ್ಕೆ ಮೆತ್ತಗೆ, ಸಪ್ಪೆ ರೋಗಕ್ಕೆ ಬಾಗಿಲು ತೆರೆದ ಹಾಗೆ. ಒಂದು ಮಿತಿ ತೂಕ ದಾಟಿದ ಹುಳು ಸತ್ವ ಕಮ್ಮಿ ಸಿಕ್ಕರೂ ಗೂಡು ಕಟ್ಟೇ ಕಟ್ಟುತ್ತೆ, ಗೂಡು ಮಾತ್ರ ಸಣ್ಣದು, ಜಾಳು. ಹರಾಜಲ್ಲಿ ರೇಟು ಬಿದ್ದಾಗ ನಾವು ಚಾಕಿಯವರನ್ನು ಬೈತೀವಿ, ಮೊಟ್ಟೆಯನ್ನು ಬೈತೀವಿ, ಹವಾಮಾನವನ್ನು ಬೈತೀವಿ. ತೋಟದಲ್ಲಿ ಬಿದ್ದ ಯೂರಿಯಾ ನೆನಪಾಗಲ್ಲ.

ಹಸುವಿನ ವಿಷಯ ಇನ್ನೂ ಗಂಭೀರ. ಹಿಂದೆ ಹೇಳಿದೆನಲ್ಲ, ಬಳಸದ ನೈಟ್ರೇಟ್ ಕಾಂಡದಲ್ಲಿ ಉಳಿಯುತ್ತೆ ಅಂತ. ನೇಪಿಯರ್, ಜೋಳ, ಬೇಬಿ ಕಾರ್ನ್ ಕಿತ್ತ ಮೇಲಿನ ಹಸಿ ದಂಟು, ಎಲ್ಲದರಲ್ಲೂ ಹೀಗಾಗಬಹುದು. ಹಸುವಿನ ಹೊಟ್ಟೆಯಲ್ಲಿ ಆ ನೈಟ್ರೇಟ್ ನೈಟ್ರೈಟ್ ಆಗಿ ರಕ್ತಕ್ಕೆ ಸೇರುತ್ತೆ. ಆಗ ರಕ್ತ ಆಮ್ಲಜನಕ ಹೊರೋ ಶಕ್ತಿ ಕಳ್ಕೊಳ್ಳುತ್ತೆ. ಹಸು ಏದುಸಿರು ಬಿಡುತ್ತೆ, ತೂರಾಡುತ್ತೆ, ಬಾಯಿ ಮತ್ತು ಕಣ್ಣಿನ ಒಳಪೊರೆ ಕಂದು-ನೀಲಿ ಆಗುತ್ತೆ, ರಕ್ತ ಚಾಕೊಲೇಟ್ ಬಣ್ಣಕ್ಕೆ ತಿರುಗುತ್ತೆ. ಕೆಲವೇ ಗಂಟೆಯಲ್ಲಿ ಸಾಯಬಹುದು. ಪಶುವೈದ್ಯರ ಹತ್ತಿರ ಇದಕ್ಕೆ ಮೆಥಿಲಿನ್ ಬ್ಲೂ ಇಂಜೆಕ್ಷನ್ ಇದೆ, ಆದರೆ ಹೊತ್ತಿಗೆ ಸಿಗಬೇಕು. ಗಿಡದ ಕೋಶಕ್ಕೆ ಅಳತೆ ಗೊತ್ತು, ಹೆಚ್ಚಾದದ್ದನ್ನು ಸಂಚಿಯಲ್ಲಿ ಮುಚ್ಚಿಡುತ್ತೆ. ಅದನ್ನು ತಿನ್ನೋ ಹಸುವಿಗೆ ಆ ಅಳತೆ ಗೊತ್ತಾಗಲ್ಲ. ಅಳತೆ ಮಾಡಬೇಕಾದೋರು ನಾವು.

ನೀವು ಕೇಳೋ ಪ್ರಶ್ನೆಗಳು

"ಯೂರಿಯಾ ಚೀಲ 266 ರೂಪಾಯಿ ಚಿಲ್ಲರೆ. ಅಷ್ಟಕ್ಕೆ ಯಾಕೆ ತಲೆ ಕೆಡಿಸ್ಕೋಬೇಕು?" ಅಗ್ಗ ಇರೋದೇ ತೊಂದರೆ. ಚೀಲದ ರೇಟು ಒಂದೇ ನೋಡಬೇಡಿ, ಅದರ ಹಿಂದೆ ಬರೋ ಔಷಧಿ ಖರ್ಚು, ಹೋದ ಗೂಡಿನ ರೇಟು, ಒಂದು ಕರೆಯೋ ಹಸುವಿನ ಬೆಲೆ ಇವನ್ನೂ ಸೇರಿಸಿ ನೋಡಿ.

"ನಾನು ಸಾವಯವ ಮಾಡ್ತೀನಿ, ಕೋಳಿ ಗೊಬ್ಬರ ಹಾಕ್ತೀನಿ. ನನಗೆ ಈ ಭಯ ಇಲ್ಲ ಅಲ್ವಾ?" ಕೋಶ ಚೀಲದ ಮೇಲಿನ ಹೆಸರು ಓದಲ್ಲ. ಕೋಳಿ ಗೊಬ್ಬರದಿಂದ ಬಂದ ನೈಟ್ರೇಟೂ ನೈಟ್ರೇಟೇ. ಸಾವಯವದಲ್ಲಿ ಅದು ನಿಧಾನವಾಗಿ ಬಿಡುಗಡೆ ಆಗುತ್ತೆ, ಮಣ್ಣಿಗೆ ಬೇರೆ ಲಾಭವೂ ಇದೆ. ಲೆಕ್ಕದಿಂದ ಮಾತ್ರ ವಿನಾಯಿತಿ ಇಲ್ಲ.

"ಹಾಗಾದ್ರೆ ವೃಷಭಾವತಿ ನೀರು ಒಳ್ಳೆಯದು ಅಂತೀರಾ?" ಇಲ್ಲ. ಆ ನೀರಲ್ಲಿ ಸಾರಜನಕದ ಜೊತೆ ಕಾರ್ಖಾನೆ ಕಡೆಯ ಲೋಹಗಳು, ರೋಗಾಣುಗಳು, ಸೋಪಿನ ಉಪ್ಪು ಎಲ್ಲ ಇವೆ. ಹಸಿಯಾಗಿ ತಿನ್ನೋ ಸೊಪ್ಪು ತರಕಾರಿಗೆ ಅದು ಬೇಡವೇ ಬೇಡ. ಹೊಳೆ ಶುದ್ಧ ಆಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆಗೋವರೆಗೆ ಬೇರೆ ನೀರಿಲ್ಲದ ರೈತ ಅದನ್ನೇ ಹಾಯಿಸ್ತಾನೆ. ಅವನಿಗೆ ಲೆಕ್ಕ ಹೇಳಿಕೊಡೋದು ತಪ್ಪಲ್ಲ.

ಈ ವಾರ ಏನು ಮಾಡಬಹುದು

1. ನೀರು ಪರೀಕ್ಷೆ ಮಾಡಿಸಿ. ಕೃಷಿ ಇಲಾಖೆ ಪ್ರಯೋಗಾಲಯ ಅಥವಾ ನಿಮ್ಮ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಹಿಪ್ಪುನೇರಳೆಯೋರಿಗೆ ತಲಘಟ್ಟಪುರದ ರೇಷ್ಮೆ ಸಂಶೋಧನಾ ಸಂಸ್ಥೆ ಕೆಂಗೇರಿಗೆ ಹತ್ತಿರ, ಸಲಹೆ ಕೇಳಿ. ನೈಟ್ರೇಟ್ ಒಂದೇ ಸಾಲದು, ಅಮೋನಿಯಾ ಸಾರಜನಕವನ್ನೂ ಕೇಳಿ, ಚರಂಡಿ ನೀರಲ್ಲಿ ಅದೇ ಜಾಸ್ತಿ.

2. ವರದಿಯನ್ನು ಸರಿಯಾಗಿ ಓದಿ. "ನೈಟ್ರೇಟ್" ಅಂತ ಕೊಟ್ಟಿದ್ದರೆ ಆ ಸಂಖ್ಯೆಯನ್ನು 4.4ರಿಂದ ಭಾಗಿಸಿ, ಆಗ ಸಾರಜನಕ ಸಿಗುತ್ತೆ. "ನೈಟ್ರೇಟ್ ಸಾರಜನಕ" ಅಂತಲೇ ಇದ್ದರೆ ಭಾಗಿಸಬೇಡಿ.

3. ಒಂದು ಸೂತ್ರ ಮೊಬೈಲ್‌ನಲ್ಲಿ ಬರೆದಿಟ್ಟುಕೊಳ್ಳಿ: ಲೀಟರಿಗೆ ಎಷ್ಟು ಮಿಲಿಗ್ರಾಂ ಸಾರಜನಕವೋ ಅದನ್ನು 10ರಿಂದ ಭಾಗಿಸಿದರೆ, ಎಕರೆಗೆ ಒಂದು ಇಂಚು ನೀರಲ್ಲಿ ಬಂದ ಕೆ.ಜಿ. ಸಾರಜನಕ. ಎಷ್ಟು ಸಲ, ಎಷ್ಟು ಇಂಚು ಹಾಯಿಸಿದ್ರಿ ಅಂತ ದಿನಾಂಕ ಸಮೇತ ಗುರುತು ಹಾಕಿ.

4. ನಂಬಿಕೆ ಬರದಿದ್ದರೆ ಹೊಲದಲ್ಲೇ ಕೇಳಿ. ನಾಲ್ಕು ಸಾಲಿಗೆ ಯೂರಿಯಾ ಪೂರ್ತಿ ಹಾಕಿ, ನಾಲ್ಕು ಸಾಲಿಗೆ ಅರ್ಧ, ನಾಲ್ಕು ಸಾಲಿಗೆ ಏನೂ ಬೇಡ. ಗೂಟ ಹೊಡೆದು ಗುರುತು ಮಾಡಿ. ಇಳುವರಿ ತೂಗಿ ನೋಡಿ. ಇದಕ್ಕಿಂತ ದೊಡ್ಡ ತಜ್ಞ ಯಾರೂ ಇಲ್ಲ.

5. ಹಾಕಲೇಬೇಕಾದ ಯೂರಿಯಾವನ್ನು ಕಂತಲ್ಲಿ ಹಾಕಿ, ಬಿಸಿಲು ಇರೋ ದಿನ ನೋಡಿ ಹಾಕಿ. ಮೋಡದ ವಾರ ಮುಗಿಯೋವರೆಗೆ ತಡೆಯಿರಿ.

6. ಮೇವಿನ ಬೆಳೆಗೆ ಯೂರಿಯಾ ಹಾಕಿದ ಹೊಸದರಲ್ಲಿ, ಮೋಡ ಮುಚ್ಚಿದಾಗ, ಒಣಗಿ ಬಾಡಿದ ಬೆಳೆಗೆ ಮಳೆ ಬಿದ್ದ ಕೂಡಲೇ ಕೊಯ್ದು ಹಾಕಬೇಡಿ. ಬುಡದಿಂದ ಸ್ವಲ್ಪ ಎತ್ತರದಲ್ಲಿ ಕೊಯ್ಯಿರಿ, ನೈಟ್ರೇಟ್ ಬುಡದಲ್ಲೇ ಜಾಸ್ತಿ. ಹಸಿದ ಹಸುವಿಗೆ ಒಂದೇ ಸಲ ಹೊಟ್ಟೆ ತುಂಬ ಕೊಡಬೇಡಿ, ಒಣಮೇವು ಬೆರೆಸಿ ಕೊಡಿ. ಒಣಗಿಸಿದ ಮಾತ್ರಕ್ಕೆ ನೈಟ್ರೇಟ್ ಹೋಗಲ್ಲ, ರಸಮೇವು ಮಾಡಿದರೆ ಒಂದಷ್ಟು ಕಮ್ಮಿಯಾಗುತ್ತೆ.

ನಾವು ಕೇಳಬೇಕಾದದ್ದು

ಲೆಕ್ಕ ಇಡೋದು ರೈತನ ಕೆಲಸ ಅಂತ ಹೇಳಿ ಸುಮ್ಮನಾಗೋಕೆ ನನಗೆ ಮನಸ್ಸಿಲ್ಲ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶಗಳಿವೆ. ರಸಸಾರ ಇದೆ, ಸತು ಇದೆ, ಬೋರಾನ್ ಇದೆ. ಹೊಲಕ್ಕೆ ಹಾಯೋ ನೀರು ಏನು ತರ್ತಾ ಇದೆ ಅನ್ನೋದು ಅದರಲ್ಲಿಲ್ಲ. ಬೋರ್‌ವೆಲ್ ರೈತನಿಗೆ ಅದು ಸಣ್ಣ ಕೊರತೆ ಇರಬಹುದು. ಊರಿನ ಬಳಸಿದ ನೀರು ಹಾಯಿಸೋ ರೈತನಿಗೆ ಆ ಕಾರ್ಡಿನ ಶಿಫಾರಸು ಅರ್ಧ ಸತ್ಯ.

ನನ್ನ ಬೇಡಿಕೆ ಎರಡು. ಒಂದು, ಬಳಸಿದ ನೀರು ಹೊಲಕ್ಕೆ ಹೋಗೋ ತಾಲ್ಲೂಕುಗಳಲ್ಲಿ ಮಣ್ಣಿನ ಕಾರ್ಡಿಗೆ ನೀರಿನ ಸಾಲು ಸೇರಲಿ. ಎರಡು, ವೃಷಭಾವತಿ, ಬೈರಮಂಗಲದ ನೀರಿನ ಸಾರಜನಕದ ಅಳತೆ ತಿಂಗಳಿಗೊಮ್ಮೆ ಕನ್ನಡದಲ್ಲಿ, ಮೊಬೈಲ್‌ಗೆ ಬರಲಿ. ಹತ್ತಿ, ಕೊಬ್ಬರಿ ರೇಟು ದಿನಾ ಬರುತ್ತೆ ಅಂದ್ಮೇಲೆ ಇದು ತಿಂಗಳಿಗೊಂದು ಸಲ ಬರೋಕೆ ಏನು ಕಷ್ಟ? ರಾಜಾಜಿನಗರದ ಮನೆಯ ಅಡುಗೆಮನೆಯಿಂದ ಹೊರಟ ನೀರು ನಮ್ಮ ಹಿಪ್ಪುನೇರಳೆ ಬೇರಿಗೆ ಏನು ಸುದ್ದಿ ತರ್ತಿದೆ ಅಂತ ತಿಳ್ಕೊಳ್ಳೋ ಹಕ್ಕು ನಮಗಿದೆ.

"ಅತಿಯಾದರೆ ಅಮೃತವೂ ವಿಷ" ಅಂತ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಮುಂದಿನ ಸಲ ಫೋಟೊ ಕಳಿಸುವಾಗ ಮೂರು ವಿಷಯ ಜೊತೆಗೆ ಬರೀರಿ: ಯಾವ ಎಲೆ, ಯಾವ ನೀರು, ಕಳೆದ ವಾರ ಬಿಸಿಲು ಹೇಗಿತ್ತು. ಚೀಲದ ಲೆಕ್ಕ ಆಮೇಲೆ ಮಾತಾಡೋಣ.